ಹೆಸರಲ್ಲೇ ಸಾಲ ಹೊತ್ತ ನದಿ: ಯುರೋಪಿನ ಟೋಪಿ, ಕೆನಡಾದ ತುಪ್ಪಳ
ಜಾರ್ಜ್‌ಟೌನ್ (ಕೆನಡಾ): ಟೊರೊಂಟೊ ಆಸುಪಾಸಿನ ಕನ್ನಡಿಗರಿಗೆ ಕ್ರೆಡಿಟ್ ನದಿ ಹೊಸತಲ್ಲ. ಜಾರ್ಜ್‌ಟೌನ್ ಪಕ್ಕದಲ್ಲೇ ಹರಿದು, ಪೋರ್ಟ್ ಕ್ರೆಡಿಟ್‌ನಲ್ಲಿ ಒಂಟಾರಿಯೊ ಸರೋವರ ಸೇರುತ್ತದೆ. ಆದರೆ ನದಿಗೆ 'ಸಾಲ' ಅಂತ ಹೆಸರು ಬಂದದ್ದು ಹೇಗೆ?

ಕಾರಣ ಯುರೋಪಿನ ಟೋಪಿ. 17ನೇ ಶತಮಾನದಲ್ಲಿ ಬೀವರ್ ಎಂಬ ನೀರುಪ್ರಾಣಿಯ ತುಪ್ಪಳದ ಟೋಪಿಗೆ ಅಲ್ಲಿ ಭಾರೀ ಬೇಡಿಕೆ. ಯುರೋಪಿನಲ್ಲಿ ಬೇಟೆಯಿಂದ ಬೀವರ್ ತೀರಾ ಕಡಿಮೆಯಾಗಿತ್ತು. ಕೆನಡಾದ ಕಾಡಲ್ಲಿ ಧಾರಾಳವಾಗಿತ್ತು. ಕರಿಮೆಣಸು ಪೋರ್ಚುಗೀಸರನ್ನು ನಮ್ಮ ಕರಾವಳಿಗೆ ಎಳೆದು ತಂದಂತೆ, ತುಪ್ಪಳ ಫ್ರೆಂಚರನ್ನು ಈ ನದಿಗೆ ತಂದಿತು.

ಚಳಿಗಾಲಕ್ಕೆ ಮೊದಲು ವ್ಯಾಪಾರಿಗಳು ಇಲ್ಲಿನ ಮೂಲನಿವಾಸಿಗಳಾದ ಮಿಸ್ಸಿಸಾಗ ಜನರಿಗೆ ಸಾಮಾನು ಕಡ ಕೊಡುತ್ತಿದ್ದರು. ವಸಂತದಲ್ಲಿ ಅವರು ತುಪ್ಪಳ ತಂದು ಲೆಕ್ಕ ಚುಕ್ತಾ ಮಾಡಬೇಕು. ಆ ಕಡವೇ ನದಿಗೆ ಹೆಸರಾಯಿತು. ಉತ್ತರದಲ್ಲಿ, 1670ರಲ್ಲಿ ಇಂಗ್ಲೆಂಡಿನ ರಾಜನಿಂದ ಸನದು ಪಡೆದ ಹಡ್ಸನ್ಸ್ ಬೇ ಕಂಪನಿ ಬೀವರ್ ಚರ್ಮವನ್ನೇ ನಾಣ್ಯದಂತೆ ಎಣಿಸಿತು: ಬಂದೂಕಿಗೆ ಇಷ್ಟು ಚರ್ಮ, ಕಂಬಳಿಗೆ ಇಷ್ಟು.

ಇದೆಲ್ಲ ಬರೀ ಮೋಸ ಅಂದರೆ ಅರ್ಧ ಮಾತಾಯಿತು. ಮೂಲನಿವಾಸಿಗಳೂ ಜೋರಾಗಿ ಚೌಕಾಸಿ ಮಾಡುತ್ತಿದ್ದರು. ಫ್ರೆಂಚರ ದರ ಸರಿ ಬರದಿದ್ದರೆ ಇಂಗ್ಲಿಷರ ಹತ್ತಿರ ಹೋಗುತ್ತಿದ್ದರು. ಎರಡು ಅಂಗಡಿ ಇದ್ದಷ್ಟು ಕಾಲ ಅವರ ಮಾತಿಗೆ ಬೆಲೆಯಿತ್ತು.

1763ರಲ್ಲಿ ಫ್ರಾನ್ಸ್ ಕೆನಡಾವನ್ನು ಬ್ರಿಟನ್ನಿಗೆ ಬಿಟ್ಟುಕೊಟ್ಟಿತು. ಆ ಪೈಪೋಟಿ ಮುಗಿಯಿತು. ಕ್ರಮೇಣ ಪ್ರಾಣಿಗಳು ಕಡಿಮೆಯಾದವು, ಯುರೋಪಿನಿಂದ ವಲಸೆ ಬಂದವರು ಹೆಚ್ಚಾದರು. ಈಗ ಕೇಳುವವರಿಗೆ ಬೇಕಾದದ್ದು ತುಪ್ಪಳ ಅಲ್ಲ, ನೆಲ. 1818ರ ಅಜೆಟೆನ್ಸ್ ಒಪ್ಪಂದದಲ್ಲಿ ಮಿಸ್ಸಿಸಾಗ ಜನ 6,48,000 ಎಕರೆ ಬಿಟ್ಟುಕೊಟ್ಟರು. ಪ್ರತಿಯಾಗಿ ಗೊತ್ತಾದದ್ದು ವರ್ಷಕ್ಕೆ 522 ಪೌಂಡ್ 10 ಶಿಲ್ಲಿಂಗ್ ಬೆಲೆಯ ಸಾಮಾನು. ಇಂದಿನ ಜಾರ್ಜ್‌ಟೌನ್ ನಿಂತಿರುವುದು ಈ ನೆಲದಲ್ಲೇ. 1847ರಲ್ಲಿ ಅವರು ನದಿಯನ್ನೇ ಬಿಟ್ಟು ದಕ್ಷಿಣದ ಹ್ಯಾಗರ್ಸ್‌ವಿಲ್ ಹತ್ತಿರ ಹೋಗಿ ನೆಲೆಸಿದರು.

ವ್ಯಾಪಾರ ದೊಡ್ಡದಾದಂತೆ ದೂರದ ಊರಿನ ಫ್ಯಾಷನ್ ಇಲ್ಲಿನ ಕಾಡಿನ ಬೆಲೆ ನಿರ್ಧರಿಸಿತು. ಸಾಲ ಕೊಟ್ಟವನ ಕೈಯಲ್ಲೇ ದರವೂ ಇದ್ದರೆ, ದುಡಿದವನಿಗೆ ಉಳಿಯುವುದು ಕಡಿಮೆ. ವೀಸಾಕ್ಕೆಂದು ಸಾಲ ಮಾಡಿ ಗಲ್ಫ್ ವಿಮಾನ ಹತ್ತಿದ ಮನೆಗಳಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಿಲ್ಲ. ಕೆಲಸ ಬದಲಿಸುವ ದಾರಿ ತೆರೆದಿದ್ದಾಗಲೇ ಸಂಬಳದ ಮಾತಿಗೂ ಬಲ.

ಹಡ್ಸನ್ಸ್ ಬೇ ಅಂಗಡಿಗಳು 2025ರ ಜೂನ್‌ನಲ್ಲಿ ಬಾಗಿಲು ಹಾಕಿದವು. ಆ ಜನ ಮಾತ್ರ ಇವತ್ತಿಗೂ 'ಕ್ರೆಡಿಟ್‌ನ ಮಿಸ್ಸಿಸಾಗರು' ಎಂದೇ ಗುರುತಿಸಿಕೊಳ್ಳುತ್ತಾರೆ.