ಹಳೆಯ ಬೇಟೆ ರೈಫಲ್‌ಗಳ ಮೌಲ್ಯ ನಿರ್ಣಯ

ದಾಸ್ತಾನಿನಲ್ಲಿ ಉಳಿದ ಸರಕನ್ನು ವ್ಯಾಪಾರಿಯು ನಷ್ಟವೆಂದೇ ಪರಿಗಣಿಸುತ್ತಾನೆ. ಆದರೆ ಸಂಗ್ರಾಹಕರ ಮಾರುಕಟ್ಟೆಯಲ್ಲಿ ಅಂದು ಬಿಕರಿಯಾಗದ ವಸ್ತುವೇ ಇಂದು ಅಧಿಕ ಬೆಲೆ ಪಡೆಯುವುದುಂಟು. ಅಮೆರಿಕದ ವಿಂಚೆಸ್ಟರ್ ಮಾಡೆಲ್ 70 ಬೋಲ್ಟ್ ಆಕ್ಷನ್ ರೈಫಲ್ ಇದಕ್ಕೆ ಉತ್ತಮ ನಿದರ್ಶನ.

1936ರಲ್ಲಿ ಪರಿಚಯಿಸಲಾದ ಈ ರೈಫಲ್ ನ್ಯೂ ಹೇವನ್ ನಗರದ ಕಾರ್ಖಾನೆಯಲ್ಲಿ ತಯಾರಾಗುತ್ತಿತ್ತು. ತಯಾರಿಕಾ ವೆಚ್ಚ ಏರಿದ್ದರಿಂದ 1964ರಲ್ಲಿ ಕಂಪನಿಯು ವಿನ್ಯಾಸವನ್ನು ಸರಳಗೊಳಿಸಿತು. ತೋಟಾದ ಅಂಚನ್ನು ಹಿಡಿದು ಒಳಗೊಯ್ಯುತ್ತಿದ್ದ ಮಾಸರ್ ಮಾದರಿಯ ಕೊಕ್ಕೆಯನ್ನು ಕೈಬಿಡಲಾಯಿತು. ಮರದ ಹಿಡಿಯ ಮೇಲಿನ ಕೆತ್ತನೆಯ ಸ್ಥಾನದಲ್ಲಿ ಅಚ್ಚೊತ್ತಿದ ವಿನ್ಯಾಸ ಬಂದಿತು. ಗ್ರಾಹಕರು ಇದನ್ನು ಮೆಚ್ಚಲಿಲ್ಲ. ಅಂದಿನಿಂದ ‘1964ಕ್ಕೆ ಮುಂಚಿನದು’ ಎಂಬುದೇ ಗುಣಮಟ್ಟದ ಮುದ್ರೆಯಾಯಿತು.

ಅಪರೂಪಕ್ಕೆ ಕಾರಣ

ಹಳೆಯ ವಿನ್ಯಾಸದ ಸುಮಾರು 5,80,000 ರೈಫಲ್‌ಗಳ ಪೈಕಿ 2,00,000ಕ್ಕೂ ಹೆಚ್ಚು .30-06 ತೋಟಾಕ್ಕೆ ತಯಾರಾದವು. .270 ವಿಂಚೆಸ್ಟರ್‌ಗೆ ಎರಡನೆಯ ಸ್ಥಾನ. .300 ಸ್ಯಾವೇಜ್ ಮತ್ತು .35 ರೆಮಿಂಗ್ಟನ್ ತೋಟಾಗಳಿಗೆ ತಯಾರಾದವು ಕೆಲವೇ ನೂರು. ಉದ್ದನೆಯ .30-06 ತೋಟಾವನ್ನೇ ಹಿಡಿಸಬಲ್ಲ ರೈಫಲ್‌ನಲ್ಲಿ ಗಿಡ್ಡನೆಯ, ಕಡಿಮೆ ಶಕ್ತಿಯ ತೋಟಾ ಬಳಸುವುದರಿಂದ ಬೇಟೆಗಾರನಿಗೆ ಹೆಚ್ಚಿನ ಲಾಭವಿರಲಿಲ್ಲ. ಅಂದಿನ ಬೇಡಿಕೆಯ ಕೊರತೆಯೇ ಇಂದಿನ ವಿರಳತೆಯ ಮೂಲ. ಸಮಾನ ಸ್ಥಿತಿಯ .30-06 ರೈಫಲ್‌ಗೆ ದೊರೆಯುವ ಬೆಲೆಯ ಹಲವು ಪಟ್ಟನ್ನು ಇಂತಹ ಅಸಲಿ ರೈಫಲ್‌ಗೆ ಸಂಗ್ರಾಹಕರು ನೀಡುತ್ತಾರೆ.

ಅಸಲಿತನವೇ ಬಂಡವಾಳ

ಇಲ್ಲಿಯೇ ಅಪಾಯವೂ ಅಡಗಿದೆ. ಸಾಮಾನ್ಯ ರೈಫಲ್‌ನ ನಳಿಕೆ ಬದಲಿಸಿ, ಅಪರೂಪದ ಅಳತೆಯ ಹೆಸರನ್ನು ಒತ್ತಿ ಮಾರಲು ಸಾಧ್ಯ. ಆದುದರಿಂದ ಅನುಭವಿ ಖರೀದಿದಾರರು ನಳಿಕೆಯ ತಳದಲ್ಲಿ ಒತ್ತಿರುವ ವರ್ಷವನ್ನು ಕ್ರಮಸಂಖ್ಯೆಯ ಕಾಲದೊಂದಿಗೆ ತಾಳೆ ನೋಡುತ್ತಾರೆ. ಅಕ್ಷರಗಳ ಆಕಾರವನ್ನೂ ಪರಿಶೀಲಿಸುತ್ತಾರೆ. ದುರ್ಬೀನು ಜೋಡಿಸಲು ಕೊರೆದ ಹೆಚ್ಚುವರಿ ರಂಧ್ರ, ಮೋಟು ಮಾಡಿದ ಹಿಡಿ, ಹೊಸದಾಗಿ ಹಾಕಿಸಿದ ಲೋಹದ ಬಣ್ಣ ಇವೆಲ್ಲವೂ ಬೆಲೆಯನ್ನು ತಗ್ಗಿಸುತ್ತವೆ. ಪಿತ್ರಾರ್ಜಿತ ರೈಫಲ್‌ಗೆ ಸದುದ್ದೇಶದಿಂದಲೇ ಹೊಳಪು ಕೊಡಿಸಿದ ವಾರಸುದಾರನು ತನ್ನ ಆಸ್ತಿಯನ್ನು ತಾನೇ ಕರಗಿಸಿಕೊಂಡಂತಾಗುತ್ತದೆ.

ವಿರಳತೆಯೊಂದೇ ಮೌಲ್ಯವನ್ನು ತರಲಾರದು. ಅದರ ಜೊತೆಗೆ ಬಯಸುವ ಗ್ರಾಹಕನೂ, ಅಸಲಿತನದ ಪುರಾವೆಯೂ ಇರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಕಾಗದದ ಮೇಲಿನ ಬೆಲೆ ಕೈಗೆ ಬರುವುದಿಲ್ಲ.