ಮೆಟ್ಟಿಲ ಕಟಾಂಜನಕ್ಕೆ ಮರಳಿ ಮೆರುಗು

ಹಳೆಯ ಮಹಡಿ ಮನೆಗಳಲ್ಲಿ ಮೆಟ್ಟಿಲುಗಳ ಪಕ್ಕಕ್ಕೆ ತೇಗದ ಇಲ್ಲವೆ ಬೀಟೆಯ ಕಟಾಂಜನವಿರುವುದುಂಟು. ಮನೆಯಲ್ಲಿ ಎಲ್ಲರ ಕೈಯೂ ಸೋಕುವ ಮರ ಅದು. ಮಕ್ಕಳು ಅದರ ಮೇಲೆ ಜಾರುವರು. ವೃದ್ಧರು ಅದನ್ನೇ ನೆಚ್ಚಿ ಇಳಿಯುವರು. ಹೀಗೆ ಹಲವು ವರ್ಷಗಳು ಕಳೆಯಲು, ಅದರ ಕಾಂತಿ ಕುಂದಿ, ನೋಟಕ್ಕೆ ಮಂಕಾಗಿ, ಕೈಗೆ ಅಂಟಂಟಾಗಿ ತೋರುವುದು. ಆಗ ಮರವೇ ಕೆಟ್ಟಿತೆಂದು ಬಗೆದು ಹತ್ತರಿ ಹೊಡೆಸುವವರೂ, ಬಣ್ಣ ಬಳಿದು ಮುಚ್ಚಿಬಿಡುವವರೂ ನಮ್ಮಲ್ಲಿ ಉಂಟು. ಬಹುಮಟ್ಟಿಗೆ ಮರ ಕೆಟ್ಟಿರುವುದಿಲ್ಲ. ಕೆಟ್ಟಿರುವುದು ಅದರ ಮೇಲಣ ತೆಳು ಹೊದಿಕೆ ಮಾತ್ರ.

ಆ ಹೊದಿಕೆ ಯಾವುದು? ಹಳೆಯ ಮರಗೆಲಸದಲ್ಲಿ ಅದು ಅನೇಕವೇಳೆ ಅರಗು. ಮುತ್ತುಗ, ಬೋರೆ ಮೊದಲಾದ ಮರಗಳ ಕೊಂಬೆಗಳ ಮೇಲೆ ಒಂದು ಸಣ್ಣ ಕೀಟವು ಒಸರಿಸುವ ರಾಳವನ್ನು ಶೋಧಿಸಿ, ಸ್ಪಿರಿಟ್ಟಿನಲ್ಲಿ ಕರಗಿಸಿದರೆ ಫ್ರೆಂಚ್ ಪಾಲಿಷ್ ಎಂಬ ಮೆರುಗು ಸಿದ್ಧವಾಗುವುದು. ಚನ್ನಪಟ್ಟಣದ ಬೊಂಬೆಗಳ ಹೊಳಪೂ ಅರಗಿನದೇ. ಮೈಸೂರಿನಲ್ಲಿ 1937ರಲ್ಲಿ ಸ್ಥಾಪಿತವಾದ ಬಣ್ಣದ ಕಾರ್ಖಾನೆಗೆ ಲ್ಯಾಕ್ ಅಂಡ್ ಪೆಯಿಂಟ್ ವರ್ಕ್ಸ್ ಎಂದು ಹೆಸರಿಟ್ಟುದೂ ಈ ಅರಗಿನಿಂದಲೇ.

ಕೆಲಸಕ್ಕೆ ಕೈಯಿಡುವ ಮುನ್ನ ಎರಡು ಪರೀಕ್ಷೆಗಳು ಅಗತ್ಯ. ಮೊದಲನೆಯದು, ಕಟಾಂಜನವನ್ನು ಹಿಡಿದು ಅಲುಗಿಸಿ ನೋಡುವುದು. ಸಡಿಲವಾದ ಕಂಬಗಳನ್ನು ಬಡಗಿಯಿಂದ ಬಿಗಿಗೊಳಿಸಿದ ಮೇಲೆಯೇ ಮೆರುಗಿನ ಮಾತು. ಎರಡನೆಯದು, ಕಣ್ಣಿಗೆ ಬೀಳದ ತಳಭಾಗದಲ್ಲಿ ಒಂದು ತೊಟ್ಟು ಸ್ಪಿರಿಟ್ ಹಚ್ಚುವುದು. ಹೊದಿಕೆ ಮೆತ್ತಗಾಗಿ ಬೆರಳಿಗೆ ಅಂಟಿದರೆ ಅದು ಅರಗು. ಅಂಟದಿದ್ದರೆ ಅದು ಎಣ್ಣೆಯಿಂದ ಮಾಡಿದ ಮೆರುಗೆಣ್ಣೆಯೋ ಬೇರೆ ಬಗೆಯದೋ ಆಗಿರಬಹುದು. ಅಂಥದನ್ನು ಶುಚಿಮಾಡಿ ಮೇಣ ತಿಕ್ಕಿದರೆ ಸಾಕು. ಹಳೆಯ ಬಣ್ಣದ ಪದರಗಳಿದ್ದರೆ ಒಣಗಿದಂತೆಯೇ ಉಜ್ಜಲಾಗದು. ಹಿಂದಿನ ಬಣ್ಣಗಳಲ್ಲಿ ಸೀಸವಿರುತ್ತಿತ್ತು. ಅದರ ಧೂಳು ಮಕ್ಕಳ ಮೆದುಳಿಗೆ ಹಾನಿಕರ.

ಇನ್ನು ಶುಚಿಗೊಳಿಸುವುದು. ಮಂಕಿಗೆ ಮುಖ್ಯ ಕಾರಣ ಕೈಯ ಬೆವರು, ಎಣ್ಣೆ, ಧೂಳು ಸೇರಿದ ಜಿಡ್ಡು. ಮೃದುವಾದ ಸಾಬೂನಿನ ನೀರಿನಲ್ಲಿ ಬಟ್ಟೆಯನ್ನು ಅದ್ದಿ, ಚೆನ್ನಾಗಿ ಹಿಂಡಿ ಒರೆಸಿ, ಕೂಡಲೇ ಒಣಬಟ್ಟೆಯಿಂದ ಒರೆಸಬೇಕು. ವಾಷಿಂಗ್ ಸೋಡ ಬೇಡ; ಕ್ಷಾರವು ಅರಗನ್ನೇ ಕರಗಿಸುವುದು. ಉಳಿದ ಜಿಡ್ಡನ್ನು ಟರ್ಪೆಂಟೈನ್ ತೆಗೆಯುವುದು. ಎಷ್ಟೋ ಕಟಾಂಜನಗಳು ಇಷ್ಟರಿಂದಲೇ ಬೆಳಗುವುವು.

ಅರಗು ಸವೆದು ಮರ ಕಾಣುತ್ತಿದ್ದರೆ ಮಾತ್ರ ಹೊಸ ಮೆರುಗು ಬೇಕು. 100 ಮಿಲಿಲೀಟರ್ ಸ್ಪಿರಿಟ್ಟಿಗೆ ಸುಮಾರು 12 ಗ್ರಾಂ ಅರಗಿನ ಚೂರುಗಳನ್ನು ಹಾಕಿ, ಗಾಜಿನ ಸೀಸೆಯಲ್ಲಿ ಒಂದು ರಾತ್ರಿ ನೆನೆಯಿಟ್ಟು ಆಗಾಗ ಕುಲುಕಬೇಕು. ಕಬ್ಬಿಣದ ಪಾತ್ರೆಯಲ್ಲಿ ಅರಗು ಕಪ್ಪಾಗುವುದು. ಮರವನ್ನು ನಯವಾದ ಉಪ್ಪುಕಾಗದದಿಂದ ಎಳೆಯ ದಿಕ್ಕಿನಲ್ಲಿ ಹಗುರವಾಗಿ ಉಜ್ಜಿ, ಧೂಳು ಒರೆಸಿ, ಹತ್ತಿಯ ಮುದ್ದೆಯನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ, ದ್ರಾವಣದಲ್ಲಿ ನೆನೆಸಿ ಎಳೆಯಬೇಕು. ನಡುವೆ ಕೈ ನಿಲ್ಲಿಸಿದರೆ ಬಟ್ಟೆ ಅಂಟಿ ಹೊದಿಕೆ ಕಿತ್ತುಬರುವುದು. ಅರ್ಧ ಗಂಟೆಗೊಂದು ಸಲದಂತೆ ನಾಲ್ಕೈದು ತೆಳು ಪದರಗಳು ಒಂದು ದಪ್ಪ ಪದರಕ್ಕಿಂತ ಲೇಸು. ಮಳೆಗಾಲದ ತೇವದಲ್ಲಿ ಹೊದಿಕೆ ಬೆಳ್ಳಗಾಗುವುದರಿಂದ ಒಣಹವೆಯ ದಿನವನ್ನೇ ಆರಿಸಿಕೊಳ್ಳಬೇಕು. ಕೊನೆಯಲ್ಲಿ ಜೇನುಮೇಣವನ್ನು ತೆಳುವಾಗಿ ತಿಕ್ಕಬಹುದು. ಮೆಟ್ಟಿಲಿನ ಮೇಲೆ ಮಾತ್ರ ಅದು ಬೀಳದಿರಲಿ, ಕಾಲು ಜಾರೀತು.

ಎಚ್ಚರಿಕೆಯ ಎರಡು ಮಾತುಗಳು. ಸ್ಪಿರಿಟ್ ಬೇಗ ಹೊತ್ತಿಕೊಳ್ಳುವ ವಸ್ತು. ಒಲೆ, ದೀಪಗಳನ್ನು ಆರಿಸಿ, ಕಿಟಕಿಗಳನ್ನು ತೆರೆದಿರಬೇಕು. ಅಗಸೆ ಎಣ್ಣೆಯನ್ನು ಬಳಸಿದರಂತೂ ಅದರ ಬಟ್ಟೆಗಳನ್ನು ಮುದ್ದೆಮಾಡಿ ಮೂಲೆಗೆಸೆಯಬಾರದು. ಆ ಎಣ್ಣೆ ಒಣಗುವಾಗ ಶಾಖ ಹುಟ್ಟುವುದು. ಮುದ್ದೆಯಲ್ಲಿ ಶಾಖ ಸೇರಿ, ಕಿಡಿಯಿಲ್ಲದೆಯೇ ಬೆಂಕಿ ಏಳಬಹುದು. ಬಟ್ಟೆಗಳನ್ನು ಹೊರಗೆ ಬಿಡಿಯಾಗಿ ಹರಡಿ ಒಣಗಿಸಬೇಕು.

ಹಿರಿಯರ ಕೈಗಳು ಸವರಿ ಸವರಿ ನಯವಾದ ಮರವನ್ನು ಹತ್ತರಿಯಿಂದ ಕೆತ್ತಿದರೆ ಆ ನಯವನ್ನು ಮತ್ತೆ ಕೊಂಡುತರಲಾರೆವು. ಆದುದರಿಂದ ತೆಗೆಯಬೇಕಾದುದು ಕೊಳೆಯನ್ನು, ಮರವನ್ನಲ್ಲ. ಇಷ್ಟನ್ನು ನೆನಪಿಟ್ಟರೆ ಎರಡು ದಿನಗಳ ಬಿಡುವಿನಲ್ಲಿ ನಮ್ಮ ಕೆಲಸ ನಮ್ಮ ಕೈಯಿಂದಲೇ ಆಗುವುದು.