‘ಅಪ್ಪಗ ಹೇಳಬ್ಯಾಡ, ಅಜ್ಜಿ’

ಮನೆಯ ವೈಫೈನಲ್ಲಿ ಬೇಡದ ಸೈಟುಗಳಿಗೆ ತಡೆ ಹಾಕಿದ್ದೆ. 11 ವರ್ಷದ ಮಗನ ಟ್ಯಾಬ್‌ನಲ್ಲಿ ಗೂಗಲ್ ಫ್ಯಾಮಿಲಿ ಲಿಂಕ್ ಇತ್ತು. ರಾತ್ರಿ 9ಕ್ಕೆ ತಾನಾಗಿಯೇ ಲಾಕ್ ಆಗುತ್ತಿತ್ತು. ಸಾಫ್ಟ್‌ವೇರ್ ಕೆಲಸದವನಾದ ನಾನು ಇಷ್ಟು ಸಾಕು ಎಂದುಕೊಂಡಿದ್ದೆ. ಆದರೆ ಏನೋ ಎಡವಟ್ಟಾಗಿದೆ ಎಂದು ಮೊದಲು ಗೊತ್ತಾದದ್ದು ಪುಣೆಯಲ್ಲಿ ಅವನ ಜೊತೆಗೇ ಇರುವ ನನಗಲ್ಲ, ಧಾರವಾಡದಲ್ಲಿರುವ ನನ್ನ ಅವ್ವನಿಗೆ.

ಭಾನುವಾರದ ವಿಡಿಯೋ ಕಾಲ್‌ನಲ್ಲಿ ಅವ್ವ, “ಯಾಕೋ ರಾಜಾ, ಮಾರಿ ಸಪ್ಪಗ ಐತಲ್ಲ?” ಎಂದು ಕೇಳಿದಳು. ಅವನು ಫೋನ್ ಹಿಡಿದು ಬಾಲ್ಕನಿಗೆ ಹೋದ. ಎಲ್ಲ ಹೇಳಿ, ಕೊನೆಗೆ “ಅಪ್ಪಗ ಹೇಳಬ್ಯಾಡ, ಅಜ್ಜಿ” ಎಂದನಂತೆ. “ಹೇಳಬೇಕಾಗ್ತದ, ಆದ್ರ ನಿನಗ ಬೈಯದಂಗ ನಾ ನೋಡ್ಕೋತೀನಿ” ಎಂದು ಅವ್ವ ಅವನನ್ನು ಒಪ್ಪಿಸಿದಳು. ನನಗೆ ಫೋನ್ ಮಾಡಿದಾಗ ಅವಳ ಮೊದಲ ಮಾತು: “ಹುಡುಗಗ ಬೈಯಂಗಿಲ್ಲ ಅಂತ ಮಾತ ಕೊಡು, ಆಮ್ಯಾಲ ಹೇಳ್ತೀನಿ.”

ನಡೆದದ್ದಿಷ್ಟು. ಆನ್‌ಲೈನ್ ಆಟದಲ್ಲಿ ಇವನ ತಂಡಕ್ಕೆ ಒಬ್ಬ ಸೇರಿಕೊಂಡಿದ್ದ. ತನಗೆ 13 ವರ್ಷ ಎಂದಿದ್ದ. ಎರಡು ವಾರ ಚೆನ್ನಾಗಿ ಆಡಿದ, ಆಟದೊಳಗಿನ ಉಡುಗೊರೆಯನ್ನೂ ಕೊಟ್ಟ. ಆಮೇಲೆ ಮಾತು ಬೇರೆ ಮೆಸೇಜ್ ಆ್ಯಪ್‌ಗೆ ದಾಟಿತು. ನಾನು ಬೀಗ ಹಾಕಿದ್ದು ಟ್ಯಾಬ್‌ಗೆ. ಚಾಟ್ ನಡೆದದ್ದು ಶಾಲೆಯ ಹೋಂವರ್ಕ್ ಗ್ರೂಪಿಗೆಂದು ಕೊಟ್ಟಿದ್ದ ಹಳೆಯ ಫೋನ್‌ನಲ್ಲಿ. ಶಾಲೆ ಯಾವುದು, ಅಪ್ಪ-ಅಮ್ಮ ಎಷ್ಟು ಹೊತ್ತಿಗೆ ಬರುತ್ತಾರೆ ಎಂದೆಲ್ಲ ಕೇಳಿದವನು, ಒಂದು ಸಂಜೆ ಬಟ್ಟೆಯಿಲ್ಲದ ಫೋಟೋ ಕಳಿಸು ಎಂದ. ಮಗ ಕಳಿಸಲಿಲ್ಲ. “ಹಾಗಾದರೆ ನಿಮ್ಮಪ್ಪನಿಗೆ ಎಲ್ಲ ಹೇಳುತ್ತೇನೆ, ನಿನ್ನ ಟ್ಯಾಬ್ ಹೋಗುತ್ತದೆ” ಎಂಬ ಬೆದರಿಕೆ ಬಂತು.

ಆ ಬೆದರಿಕೆಗೆ ಬಂಡವಾಳ ಒದಗಿಸಿದವನು ನಾನೇ. “ಇನ್ನೊಂದು ತಪ್ಪು ಮಾಡಿದರೆ ಟ್ಯಾಬ್ ಕಸಿದುಕೊಳ್ಳುತ್ತೇನೆ” ಎನ್ನುವುದು ನನ್ನ ವಾರದ ಮಾತಾಗಿತ್ತು. ಮಗ ಅದನ್ನು ಆ ‘ಗೆಳೆಯ’ನ ಹತ್ತಿರ ಹೇಳಿಕೊಂಡಿದ್ದ.

ಚಾಟ್ ಎಲ್ಲ ಅಳಿಸಿಬಿಡೋಣ ಎಂದು ಕೈ ಹೋಗಿದ್ದು ನಿಜ. ಹಾಗೆ ಮಾಡಬಾರದು, ಅದೇ ಸಾಕ್ಷಿ. ಯೂಸರ್‌ನೇಮ್, ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದೆವು. ಉತ್ತರ ಕೊಡದೆ ಬ್ಲಾಕ್ ಮಾಡಿದೆವು. ಕೇಂದ್ರ ಸರ್ಕಾರದ ಸೈಬರ್ ಕ್ರೈಂ ಪೋರ್ಟಲ್‌ನಲ್ಲಿ ದೂರು ಕೊಟ್ಟೆವು. ಮಹಿಳೆಯರು ಮತ್ತು ಮಕ್ಕಳಿಗೆ ಸಂಬಂಧಿಸಿದ ವಿಭಾಗದಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ, ಮಗು ಅಪಾಯದಲ್ಲಿದ್ದರೆ ಹಗಲು-ರಾತ್ರಿ 1098ಕ್ಕೆ ಕರೆ ಮಾಡಿ.

‘ಗಂಡು ಹುಡುಗ, ಏನಾಗುತ್ತೆ ಬಿಡಿ’ ಎನ್ನುವವರಿದ್ದಾರೆ. 2012ರ ಪೋಕ್ಸೋ ಕಾಯ್ದೆ 18 ತುಂಬದ ಹುಡುಗ-ಹುಡುಗಿಯರಿಬ್ಬರಿಗೂ ಅನ್ವಯಿಸುತ್ತದೆ; ಲೈಂಗಿಕ ಉದ್ದೇಶದಿಂದ ಮಗುವನ್ನು ಆನ್‌ಲೈನ್‌ನಲ್ಲಿ ಪದೇಪದೇ ಸಂಪರ್ಕಿಸುವುದೂ ಅದರಡಿ ಅಪರಾಧ. ಫೋಟೋ ಹೋಗಿಬಿಟ್ಟಿದ್ದರೂ ದಾರಿ ಮುಚ್ಚಿಲ್ಲ. ಅಮೆರಿಕದ ಎನ್‌ಸಿಎಂಇಸಿ ಸಂಸ್ಥೆಯ ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆಯಿದೆ. ಅದರಲ್ಲಿ ಫೋಟೋ ನಮ್ಮ ಫೋನ್ ಬಿಟ್ಟು ಹೋಗುವುದಿಲ್ಲ. ಅದರ ಡಿಜಿಟಲ್ ಬೆರಳಚ್ಚು ಮಾತ್ರ ಹೋಗುತ್ತದೆ. ಸೇವೆಗೆ ಸೇರಿಕೊಂಡ ಕಂಪನಿಗಳು ಅದನ್ನು ಹಿಡಿದು ತಮ್ಮ ವೇದಿಕೆಗಳಲ್ಲಿ ಆ ಫೋಟೋವನ್ನು ಪತ್ತೆಹಚ್ಚಿ ತೆಗೆಯಬಹುದು.

ಮಗನಿಗೆ ಮೂರು ಗುರುತು ಹೇಳಿಕೊಟ್ಟಿದ್ದೇವೆ: ಸುಮ್ಮಸುಮ್ಮನೆ ಉಡುಗೊರೆ ಕೊಡುವವರು, ಬೇರೆ ಆ್ಯಪ್‌ಗೆ ಬಾ ಎನ್ನುವವರು, ಮನೆಯಲ್ಲಿ ಹೇಳಬೇಡ ಎನ್ನುವವರು. ನಾನೂ ಒಂದು ಮಾತು ಕೊಟ್ಟಿದ್ದೇನೆ: ತಪ್ಪು ಅವನದೇ ಇದ್ದರೂ, ಬಂದು ಹೇಳಿದ್ದಕ್ಕೆ ಟ್ಯಾಬ್ ಕಸಿಯುವುದಿಲ್ಲ. ಬೀಗಗಳು ಈಗಲೂ ಇವೆ. ಆಟ ಮಾತ್ರ ಹಾಲ್‌ನಲ್ಲಿ, ನಮ್ಮ ಕಣ್ಣೆದುರು.

ಊರಲ್ಲಿದ್ದಿದ್ದರೆ ನಮ್ಮ ಮಕ್ಕಳಿಗೆ ಹೇಳಿಕೊಳ್ಳಲು ಅಜ್ಜಿ, ಕಾಕಾ, ಅತ್ತೆ ಎಲ್ಲ ಹತ್ತಿರವೇ ಇರುತ್ತಿದ್ದರು. ಇಲ್ಲಿ ಫ್ಲಾಟಿನಲ್ಲಿ ಇರುವುದು ನಾವಿಬ್ಬರೇ. ಭಾನುವಾರದ ಆ ಕಾಲ್ ತಪ್ಪಿಸಬೇಡಿ. ಮತ್ತೆ, ಮಗು ಅಜ್ಜಿಯ ಹತ್ತಿರ ಒಬ್ಬನೇ ಮಾತಾಡುತ್ತೇನೆ ಎಂದರೆ ಬಿಟ್ಟುಕೊಡಿ.